ಮರೀನಾ ಎದುರಿನ ಹೆಣ್ಣುಮಕ್ಕಳ ಕಾಲೇಜು

ಚೆನ್ನೈನ ಮರೀನಾ ಕಡಲತೀರದ ರಸ್ತೆಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹೊರಟರೆ ಮೊದಲು ಮದ್ರಾಸ್ ವಿಶ್ವವಿದ್ಯಾಲಯದ ಸೆನೆಟ್ ಹೌಸ್, ಆಮೇಲೆ ಪ್ರೆಸಿಡೆನ್ಸಿ ಕಾಲೇಜು, ಇನ್ನೂ ಮುಂದೆ ಐಸ್ ಹೌಸ್ ಸಿಗುತ್ತವೆ. ಗಾಂಧಿ ಪ್ರತಿಮೆ ಕಣ್ಣಿಗೆ ಬೀಳುವ ಹೊತ್ತಿಗೆ ಬಲಗಡೆ ಕ್ವೀನ್ ಮೇರೀಸ್ ಕಾಲೇಜು. ಮದ್ರಾಸ್ ನಗರದ ಮೊದಲ ಮಹಿಳಾ ಕಾಲೇಜು ಇದು. ಇದನ್ನು ತೆರೆದದ್ದು ಸರ್ಕಾರ. ಶತಮಾನ ದಾಟಿದ ಮೇಲೂ ನಡೆಸುತ್ತಿರುವುದು ಸರ್ಕಾರವೇ. ನಗರದ ಅತಿ ಬೆಲೆಬಾಳುವ ಜಾಗವನ್ನು ಹೆಣ್ಣುಮಕ್ಕಳ ಓದಿಗೆ ಕೊಟ್ಟ ಆ ತೀರ್ಮಾನ ಇವತ್ತಿಗೂ ಗಮನಿಸಬೇಕಾದದ್ದು.

ಕಾಲೇಜು ಶುರುವಾದದ್ದು 1914ರ ಜುಲೈನಲ್ಲಿ, ಕ್ಯಾಪರ್ ಹೌಸ್ ಎಂಬ ಹಳೆಯ ಬಂಗಲೆಯಲ್ಲಿ. ಆ ಬಂಗಲೆ ಅದಕ್ಕೂ ಮೊದಲು ಹೋಟೆಲಾಗಿತ್ತು. ಆಗ ಇದರ ಹೆಸರು ‘ಮದ್ರಾಸ್ ಕಾಲೇಜ್ ಫಾರ್ ವಿಮೆನ್’. ಮೊದಲ ವರ್ಷ ಸೇರಿದವರು 37 ಮಂದಿ. ತೆರೆದು ತಿಂಗಳು ತುಂಬುವ ಮೊದಲೇ ಮಹಾಯುದ್ಧ ಶುರುವಾಯಿತು. ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಂಡೆನ್ ನೌಕೆ ಮದ್ರಾಸ್ ಬಂದರಿನ ತೈಲದ ಟ್ಯಾಂಕ್‌ಗಳ ಮೇಲೆ ಗುಂಡಿನ ಮಳೆಗರೆಯಿತು. ಕಡಲಂಚಿನಲ್ಲಿ ಹೆಣ್ಣುಮಕ್ಕಳನ್ನು ಓದಲು ಬಿಟ್ಟ ತಂದೆತಾಯಿಗಳಿಗೆ ಆ ದಿನಗಳಲ್ಲಿ ಎದೆ ಎಷ್ಟು ಹೊಡೆದುಕೊಂಡಿರಬೇಕು! ಆದರೂ ಕಾಲೇಜು ನಿಲ್ಲಲಿಲ್ಲ. 1917ರಲ್ಲಿ ಅದಕ್ಕೆ ರಾಣಿ ಮೇರಿಯ ಹೆಸರು ಬಂತು. ಮೊದಲ ಪ್ರಾಂಶುಪಾಲೆ ಡೊರೊಥಿ ಡಿ ಲಾ ಹೇ 1936ರವರೆಗೂ ಅಲ್ಲಿದ್ದು ಸಂಸ್ಥೆಯನ್ನು ಬೆಳೆಸಿದರು.

ಆ ಕಾಲದ ಸರ್ಕಾರಕ್ಕೆ ಇಂಥದೊಂದು ಕಾಲೇಜು ಏಕೆ ಬೇಕಿತ್ತು? ಹೆಣ್ಣುಮಕ್ಕಳ ಶಾಲೆ ಹೆಚ್ಚಬೇಕಾದರೆ ಪಾಠ ಹೇಳುವ ಹೆಂಗಸರು ಬೇಕು. ಅವರು ತಯಾರಾಗಲು ಹೆಂಗಸರಿಗೆ ಕಾಲೇಜು ಬೇಕು. 1913ರಲ್ಲಿ ಭಾರತ ಸರ್ಕಾರ ಹೊರಡಿಸಿದ ಶಿಕ್ಷಣ ನೀತಿಯ ನಿರ್ಣಯವೂ ಅಧ್ಯಾಪಕಿಯರ ಅಗತ್ಯವನ್ನು ಒತ್ತಿ ಹೇಳಿತ್ತು. ಆದರೆ ಅದೇ ನಿರ್ಣಯ, ಹುಡುಗಿಯರ ಓದು ಅವರ ಮುಂದಿನ ಬಾಳಿಗೆ ಒದಗುವಂತಿರಲಿ, ಹುಡುಗರ ಓದಿನ ನಕಲಾಗದಿರಲಿ ಎಂದೂ ಸೂಚಿಸಿತ್ತು. ಮನೆವಾರ್ತೆಗೆ ಬೇಕಾದಷ್ಟು ಕಲಿತರೆ ಸಾಕು ಎಂಬ ಭಾವನೆ ಗಟ್ಟಿಯಾಗಿದ್ದ ಕಾಲವದು. ಅಂಥ ಹೊತ್ತಿನಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಹುಡುಗರು ಬರೆಯುತ್ತಿದ್ದ ವಿಶ್ವವಿದ್ಯಾಲಯದ ಪರೀಕ್ಷೆಗೇ ಈ ಹುಡುಗಿಯರೂ ಕೂತರು.

ಅದಕ್ಕೆ ಮೊದಲು ಓದಿದವರ ದಾರಿ ಕಷ್ಟದ್ದು. ಬಾಲವಿಧವೆಯಾಗಿದ್ದ ಆರ್.ಎಸ್. ಸುಬ್ಬಲಕ್ಷ್ಮಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಂಡು ಹುಡುಗರ ನಡುವೆ ಕೂತು ಓದಿ, 1911ರಲ್ಲಿ ಮದ್ರಾಸ್ ಪ್ರಾಂತ್ಯದ ಮೊದಲ ಹಿಂದೂ ಪದವೀಧರೆಯಾದರು. ಮರುವರ್ಷವೇ ಬಾಲವಿಧವೆಯರಿಗಾಗಿ ಮನೆ ತೆರೆದರು. ಮುಂದೆ ಆ ಮನೆ ಬಂದು ನೆಲೆನಿಂತದ್ದು ಇದೇ ರಸ್ತೆಯ ಐಸ್ ಹೌಸ್‌ನಲ್ಲಿ. ಬೇರೆ ಊರಿನ ಹುಡುಗಿಗೆ ಉಳಿಯಲು ಜಾಗವಿಲ್ಲದಿದ್ದರೆ ಕಾಲೇಜಿನ ಬಾಗಿಲು ತೆರೆದಿದ್ದೂ ಪ್ರಯೋಜನವಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕನ್ನಡನಾಡಿಗೂ ಈ ಕಾಲೇಜಿಗೂ ನಂಟಿದೆ. ಆಗ ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳೆಲ್ಲ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಮಂಗಳೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಸೇಂಟ್ ಆಗ್ನೆಸ್ ಕಾಲೇಜು ಶುರುವಾದದ್ದೇ 1921ರಲ್ಲಿ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಹದಿಹರೆಯದಲ್ಲೇ ಮದುವೆಯಾಗಿ, ಹದಿಹರೆಯದಲ್ಲೇ ಗಂಡನನ್ನು ಕಳೆದುಕೊಂಡವರು. ಮೂಲೆ ಹಿಡಿಸಿಬಿಡುತ್ತಿದ್ದ ಆ ವಯಸ್ಸಿನಲ್ಲಿ ಅವರು ಕ್ವೀನ್ ಮೇರೀಸ್‌ಗೆ ಬಂದು ಓದಿದರು. ಅಲ್ಲಿ ಗೆಳತಿಯಾಗಿ ಸಿಕ್ಕವರು ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿ. ಆ ಗೆಳೆತನದಿಂದ ಪರಿಚಯವಾದ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನೇ ಕಮಲಾದೇವಿ ಮದುವೆಯಾದರು. 1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತು ಅಲ್ಪ ಅಂತರದಲ್ಲಿ ಸೋತರು. ದೇಶದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆ ಎಂಬ ಹೆಸರು ಅವರದಾಯಿತು. ಮುಂದೆ ಈ ದೇಶದ ಕರಕುಶಲ ಕಲೆಗಳಿಗೆ ಅವರು ಮರುಜೀವ ಕೊಟ್ಟದ್ದು ಎಲ್ಲರಿಗೂ ತಿಳಿದದ್ದೇ. ಕೇರಳದ ತಲಶ್ಶೇರಿಯಿಂದ ಬಂದು ಇಲ್ಲಿ ಓದಿದ ಇ.ಕೆ. ಜಾನಕಿ ಅಮ್ಮಾಳ್ ಕಬ್ಬಿನ ತಳಿಗಳ ಮೇಲೆ ಕೆಲಸ ಮಾಡಿ ಜಗತ್ತು ಬಲ್ಲ ಸಸ್ಯವಿಜ್ಞಾನಿಯಾದರು.

2003ರಲ್ಲಿ ಕಾಲೇಜಿಗೆ ದೊಡ್ಡ ಗಂಡಾಂತರ ಬಂತು. ಮುಖ್ಯಮಂತ್ರಿ ಜಯಲಲಿತಾ ಅವರ ಸರ್ಕಾರ, ಕಾಲೇಜನ್ನು ಎಬ್ಬಿಸಿ ಅಲ್ಲಿ ಹೊಸ ಸಚಿವಾಲಯ ಕಟ್ಟಲು ಹೊರಟಿತು. ಓದಲು ಬೇರೆ ಕಡೆ ಜಾಗ ಕೊಡುತ್ತೇವೆಂದರೂ ವಿದ್ಯಾರ್ಥಿನಿಯರು ಒಪ್ಪಲಿಲ್ಲ. ಆವರಣದಲ್ಲೇ ಧರಣಿ ಕೂತರು. ಅಧ್ಯಾಪಕಿಯರು, ಹಳೆಯ ವಿದ್ಯಾರ್ಥಿನಿಯರು ಜೊತೆಯಾದರು. ಬೆಂಬಲಿಸಲು ಆವರಣದೊಳಗೆ ಹೋದ ಎಂ.ಕೆ. ಸ್ಟಾಲಿನ್ ಬಂಧನಕ್ಕೊಳಗಾದರು. ಕೊನೆಗೆ ಸರ್ಕಾರ ಯೋಜನೆ ಕೈಬಿಟ್ಟಿತು. ಶಿಥಿಲವಾಗಿದ್ದ ಕ್ಯಾಪರ್ ಹೌಸ್ ಈಗ ಉಳಿದಿಲ್ಲ. ಆದರೆ ಕಾಲೇಜು ಕದಲಲಿಲ್ಲ. ಸರ್ಕಾರ ಕೊಟ್ಟ ಜಾಗವನ್ನು ಸರ್ಕಾರವೇ ಕೇಳಿದಾಗ ಆ ಹುಡುಗಿಯರು ಅದನ್ನು ತಮ್ಮ ಹಕ್ಕೆಂದು ಉಳಿಸಿಕೊಂಡರು. ಅದೇ ಸ್ಟಾಲಿನ್ ಮುಖ್ಯಮಂತ್ರಿಯಾದ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ ‘ಪುದುಮೈ ಪೆಣ್’ ಯೋಜನೆ ಜಾರಿಗೆ ಬಂತು. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜಿಗೆ ಸೇರುವ ಹುಡುಗಿಯ ಖಾತೆಗೆ ಅದರಡಿ ತಿಂಗಳಿಗೆ 1,000 ರೂಪಾಯಿ ಬರುತ್ತದೆ.

ನಮ್ಮಲ್ಲೂ ಈ ಪರಂಪರೆ ಹೊಸದಲ್ಲ. ಅಂಬಿಲ್ ನರಸಿಂಹ ಅಯ್ಯಂಗಾರ್ಯರು 1881ರಲ್ಲಿ ಮೈಸೂರಿನಲ್ಲಿ ತೆರೆದ ಮಹಾರಾಣಿ ಬಾಲಿಕಾ ಪಾಠಶಾಲೆಯೇ ಮುಂದೆ ಸರ್ಕಾರದ ಆಸರೆಯಲ್ಲಿ ಮಹಾರಾಣಿ ಕಾಲೇಜಾಯಿತು. ಮೈಸೂರಿನ ಜೆ.ಎಲ್.ಬಿ. ರಸ್ತೆಯಲ್ಲಾಗಲಿ, ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಾಗಲಿ ಈ ಹೆಸರಿನ ಕಾಲೇಜುಗಳಿರುವುದು ಊರಿನ ನಡುಮಧ್ಯೆ. ಹಳ್ಳಿಯಿಂದ ಬರುವ ಹುಡುಗಿ ಬಸ್ಸಿಳಿದು ಅಳುಕಿಲ್ಲದೆ ಕ್ಲಾಸಿಗೆ ಹೋಗಿಬರಬಹುದಾದ ಜಾಗಗಳು ಅವು.

ಹೊಸ ಮಹಿಳಾ ಕಾಲೇಜುಗಳನ್ನು ಘೋಷಿಸುವುದು ಸುಲಭ. ಊರಾಚೆ ಸಿಕ್ಕ ಜಾಗದಲ್ಲಿ ಕಟ್ಟಡ ಎಬ್ಬಿಸಿ, ಹಾಸ್ಟೆಲ್ ಮುಂದಿನ ವರ್ಷಕ್ಕೆ ದೂಡಿ, ಪಾಠವನ್ನು ಅತಿಥಿ ಉಪನ್ಯಾಸಕರ ತಲೆಗೆ ಕಟ್ಟಿದರೆ ಅಂಥ ಕಾಲೇಜಿನಲ್ಲಿ ಹೆಸರು ದಾಖಲಾಗುತ್ತದೆ, ಓದು ಸಾಗುವುದಿಲ್ಲ. ಇತಿಹಾಸ, ಸಾಹಿತ್ಯ, ಅರ್ಥಶಾಸ್ತ್ರ ಓದಲು ಬರುವ ಬಡವರ ಮನೆಯ ಮಗಳಿಗೆ ದುಬಾರಿ ಖಾಸಗಿ ಕಾಲೇಜಿನ ದಾರಿ ಇಲ್ಲ. ಅವಳಿಗಿರುವುದು ಸರ್ಕಾರಿ ಕಾಲೇಜೊಂದೇ. ಹಾಗಾಗಿ ನಮ್ಮ ತಾಲ್ಲೂಕಿಗೆ ಮಹಿಳಾ ಕಾಲೇಜು ಮಂಜೂರಾಯಿತೆಂಬ ಸುದ್ದಿ ಬಂದಾಗ ಸಂತೋಷಪಡೋಣ, ಜೊತೆಗೇ ಶಾಸಕರನ್ನು ಕೇಳೋಣ: ಜಾಗ ಎಲ್ಲಿ, ಹಾಸ್ಟೆಲ್ ಯಾವಾಗ, ಕಾಯಂ ಅಧ್ಯಾಪಕರು ಎಷ್ಟು ಮಂದಿ? ಈ ಮೂರಕ್ಕೂ ಸರಿಯಾದ ಉತ್ತರ ಸಿಕ್ಕ ದಿನ ಆ ಕಾಲೇಜು ನಿಜವಾಗಿ ಮಂಜೂರಾಯಿತೆಂದು ತಿಳಿಯೋಣ.