ಕಾಡನ್ನು ಅದರ ಪಾಡಿಗೆ ಬಿಟ್ಟರೆ ಸಾಕೇ?

ಅಭಯಾರಣ್ಯ ಎಂದಕೂಡಲೇ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಒಂದು ಚೆಕ್‌ಪೋಸ್ಟ್, ಅದರ ಪಕ್ಕದಲ್ಲೊಂದು ‘ಪ್ರವೇಶ ನಿಷೇಧಿಸಿದೆ’ ಎಂಬ ಫಲಕ. ಬೇಟೆ ನಿಲ್ಲಿಸಿ, ಮರಗಳ್ಳರನ್ನು ಹಿಡಿದು, ಜನರನ್ನು ಆಚೆಗಿಟ್ಟರೆ ಸರ್ಕಾರದ ಕೆಲಸ ಮುಗಿಯಿತು, ಮಿಕ್ಕಿದ್ದನ್ನು ಕಾಡೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಓದಿದವರಲ್ಲೂ ಗಟ್ಟಿಯಾಗಿದೆ. ಹಾಗಿದ್ದ ಮೇಲೆ ಹುಲಿ ಸಂರಕ್ಷಿತ ಪ್ರದೇಶಕ್ಕೊಂದು ಹತ್ತು ವರ್ಷದ ಯೋಜನೆ, ಅದಕ್ಕೆ ದೆಹಲಿಯ ಒಪ್ಪಿಗೆ, ನಡುವೆ ಮೌಲ್ಯಮಾಪನ, ಇದೆಲ್ಲ ಕಡತ ತುಂಬಿಸುವ ಉಸಾಬರಿ ಎನಿಸುವುದು ಸಹಜ. ಈ ನಂಬಿಕೆ ಪೂರ್ತಿ ಸುಳ್ಳಲ್ಲ, ತೊಡಕಿರುವುದೇ ಅಲ್ಲಿ. ಮೈಸೂರು ಅರಸರ ಬೇಟೆಕಾಡಾಗಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಒಂದಾಯಿತು. ಕಾವಲು ಬಿಗಿಯಾದ ಮೇಲೆ ಪ್ರಾಣಿಗಳು ಹೆಚ್ಚಿದವು. 2022ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದವು. ಕಾವಲಿಲ್ಲದೆ ಇದು ಆಗುತ್ತಿರಲಿಲ್ಲ. ಆದರೆ ಕಾಡನ್ನು ಕಾಯುವುದು ಒಂದು ಕೆಲಸ, ಇನ್ನು ಇಪ್ಪತ್ತು ಮೂವತ್ತು ವರ್ಷಕ್ಕೆ ಆ ಕಾಡು ಹೇಗಿರಬೇಕೆಂದು ತೀರ್ಮಾನಿಸುವುದು ಬೇರೆಯದೇ ಕೆಲಸ. ಎರಡನೆಯದನ್ನು ಕೈಬಿಟ್ಟರೆ ಏನಾಗುತ್ತದೆಂದು ತಿಳಿಯಲು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಕಡೆ ನೋಡಬೇಕು.

ಬಿಳಿಗಿರಿ ಅಭಯಾರಣ್ಯವಾದದ್ದು 1974ರಲ್ಲಿ. ಅಲ್ಲಿನ ಆದಿವಾಸಿಗಳಾದ ಸೋಲಿಗರ ಬೇಟೆ ನಿಂತಿತು, ಜಾಗ ಬದಲಿಸುತ್ತ ಮಾಡುತ್ತಿದ್ದ ಬೇಸಾಯ ನಿಂತಿತು, ಕಾಡಿಗೆ ಬೆಂಕಿ ಹಾಕುವುದು ಅಪರಾಧವಾಯಿತು. ‘ಕಾಡೇ ನೋಡಿಕೊಳ್ಳುತ್ತದೆ’ ಎಂಬ ಮಾತು ನಿಜವಾಗಿದ್ದರೆ ಮುಂದಿನ ಮೂರು ದಶಕಗಳಲ್ಲಿ ಆ ಕಾಡು ತನ್ನ ಹಳೆಯ ಸ್ವರೂಪಕ್ಕೆ ಮರಳಬೇಕಿತ್ತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲಿ ಅಳತೆ ಮಾಡಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ಪರಿಶೀಲಿಸಿದಾಗ ಕಂಡದ್ದು ಬೇರೆ. ಮೊದಲ ಸಲ ನೂರರಲ್ಲಿ ಸುಮಾರು 41 ಜಾಗಗಳಲ್ಲಿದ್ದ ಲಂಟಾನ, ಹನ್ನೊಂದು ವರ್ಷದಲ್ಲಿ 81ಕ್ಕೆ ಹಬ್ಬಿತ್ತು. 19ನೇ ಶತಮಾನದ ಆರಂಭದಲ್ಲಿ ತೋಟದ ಅಲಂಕಾರಕ್ಕೆಂದು ಭಾರತಕ್ಕೆ ಬಂದ ಈ ಪೊದೆ ಒಮ್ಮೆ ಬೇರೂರಿದರೆ ನೆಲಕ್ಕೆ ಬಿಸಿಲು ಬೀಳಗೊಡುವುದಿಲ್ಲ. ಹುಲ್ಲು ಹಿಂದೆ ಸರಿಯುತ್ತದೆ, ಕಾಡಿನ ಮರಗಳ ಸಸಿಗಳು ಮೇಲೇಳುವುದಿಲ್ಲ. ದೊಡ್ಡ ಮರಗಳು ನಿಂತೇ ಇರುವುದರಿಂದ ದೂರದಿಂದ ಕಾಡು ಹಸಿರಾಗಿಯೇ ಕಾಣುತ್ತದೆ, ಆದರೆ ಆ ಮರಗಳ ಮುಂದಿನ ತಲೆಮಾರು ಕೆಳಗೆ ಇಲ್ಲ. ಇದನ್ನು ಯಾವ ಕಳ್ಳನೂ ಮಾಡಲಿಲ್ಲ. ಚೆಕ್‌ಪೋಸ್ಟಿನಲ್ಲಿ ಎಷ್ಟೇ ಜನರನ್ನು ನಿಲ್ಲಿಸಿದ್ದರೂ ಇದು ತಪ್ಪುತ್ತಿರಲಿಲ್ಲ.

ಇಲ್ಲಿ ಬೆಂಕಿಯ ಪ್ರಶ್ನೆ ಎದುರಾಗುತ್ತದೆ. ಕಾಡಿಗೆ ಬೆಂಕಿ ಎಂದರೆ ಸರ್ವನಾಶ ಎಂಬುದು ನಮ್ಮ ಇನ್ನೊಂದು ಗಟ್ಟಿ ನಂಬಿಕೆ. ಸೋಲಿಗರ ಹಿರಿಯರು ಹೇಳುವುದೇ ಬೇರೆ. ಬೇಸಿಗೆ ಬಲಿಯುವ ಮೊದಲೇ ಅವರು ಹಾಕುತ್ತಿದ್ದ ತರಗು ಬೆಂಕಿ ಒಣಗಿದ ಎಲೆಯನ್ನಷ್ಟೇ ಸುಟ್ಟು ನೆಲಮಟ್ಟದಲ್ಲೇ ಸಾಗಿ ಆರುತ್ತಿತ್ತು. ಅದರಿಂದ ಹೊಸ ಹುಲ್ಲು ಬರುತ್ತಿತ್ತು, ಲಂಟಾನದ ಎಳೆ ಸಸಿ ಸಾಯುತ್ತಿತ್ತು, ನೆಲ್ಲಿಮರವನ್ನು ಹೀರುವ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ ಅವರು. ಬೆಂಕಿ ನಿಂತದ್ದೇ ಲಂಟಾನ ಹಬ್ಬಲು ಕಾರಣ ಎಂಬುದು ಅವರ ವಾದ. ವಿಜ್ಞಾನಿಗಳು ಇದನ್ನು ಇಡಿಯಾಗಿ ಒಪ್ಪಿಲ್ಲ, ತಳ್ಳಿಹಾಕಿಯೂ ಇಲ್ಲ. ಬಲಿತ ಲಂಟಾನ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತದೆ ಎಂಬುದು ನಿಜ. ಎಳೆಯ ಹಂತದಲ್ಲಿ ವರ್ಷ ವರ್ಷ ಬೀಳುತ್ತಿದ್ದ ಸಣ್ಣ ಬೆಂಕಿಯ ಪರಿಣಾಮ ಬೇರೆಯದೇ ಇದ್ದಿರಬಹುದು ಎಂಬುದನ್ನೂ ಅಲ್ಲಗಳೆಯಲಾಗದು. ಆದರೆ ನನಗೆ ಮುಖ್ಯವೆನಿಸುವುದು ಬೇರೆ. ಬೆಂಕಿಯನ್ನು ಪೂರ್ತಿ ನಿಲ್ಲಿಸಿದ್ದು ಆ ಕಾಡಿನ ಮೇಲೆ ಮಾಡಿದ ಬಹಳ ದೊಡ್ಡ ಪ್ರಯೋಗವಾಗಿತ್ತು. ಅದನ್ನು ಪ್ರಯೋಗವೆಂದು ಯಾರೂ ಕರೆಯಲಿಲ್ಲ, ಅದರ ಫಲವನ್ನು ಅಳೆಯುವ ಏರ್ಪಾಡೂ ಜೊತೆಗೆ ಆಗಲಿಲ್ಲ.

ಹಾಗಾದರೆ ನಾಳೆಯೇ ಬೆಂಕಿ ಹಾಕೋಣವೇ ಎಂದು ಯಾರಾದರೂ ಕೇಳಿದರೆ ಖಂಡಿತ ಬೇಡ ಎನ್ನಬೇಕಾಗುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿದ್ದು ತರಗು ಬೆಂಕಿಯಂತಲ್ಲ. ಆಳೆತ್ತರ ಬೆಳೆದ ಲಂಟಾನ ಬೇಸಿಗೆಯಲ್ಲಿ ಒಣಗಿ ನಿಂತಾಗ, ನೆಲದ ಬೆಂಕಿ ಅದನ್ನೇ ಏಣಿ ಮಾಡಿಕೊಂಡು ಮರದ ನೆತ್ತಿಗೇರುತ್ತದೆ. ಐವತ್ತು ವರ್ಷ ಇಂಧನ ಕೂಡಿದ ಕಾಡಿನಲ್ಲಿ ಹಳೆಯ ಪದ್ಧತಿಯನ್ನು ಹಾಗೆಯೇ ತರಲಾಗದು. ಮೊದಲು ಲಂಟಾನ ತೆಗೆಯಬೇಕು. ಅದಕ್ಕೂ ಕ್ರಮವಿದೆ. ಮೇಲಿನ ಕೊಂಬೆ ಸವರಿದರೆ ಗಿಡ ದುಪ್ಪಟ್ಟು ಉತ್ಸಾಹದಿಂದ ಚಿಗುರುತ್ತದೆ. ನೆಲಮಟ್ಟದ ಕೆಳಗೆ ಬುಡವನ್ನೇ ಕತ್ತರಿಸಿ, ಉಳಿದ ಬೀಜದಿಂದ ಏಳುವ ಸಸಿಗಳನ್ನು ಮುಂದಿನ ಹಲವು ಮಳೆಗಾಲ ಕಿತ್ತು, ಆ ಜಾಗದಲ್ಲಿ ಸ್ಥಳೀಯ ಹುಲ್ಲು ಹಿಡಿಯುವಂತೆ ನೋಡಿಕೊಳ್ಳಬೇಕು. ಒಂದು ಆರ್ಥಿಕ ವರ್ಷದ ಹಣದಲ್ಲಿ, ಮಾರ್ಚ್ 31ರೊಳಗೆ ಬಿಲ್ ಆಗಬೇಕಾದ ಗುತ್ತಿಗೆಯಲ್ಲಿ ಇದು ಆಗುವ ಮಾತಲ್ಲ. ಹುಲಿ ಯೋಜನೆಯ ಹಣ ಬರುವುದು ವಾರ್ಷಿಕ ಕ್ರಿಯಾಯೋಜನೆಯ ಲೆಕ್ಕದಲ್ಲಿ, ಕಾಡು ಬದಲಾಗುವುದು ದಶಕಗಳ ಲೆಕ್ಕದಲ್ಲಿ. ಇವೆರಡನ್ನು ಬೆಸೆಯಲೆಂದೇ ದೀರ್ಘಾವಧಿ ಯೋಜನೆ ಇರುವುದು. ಮೊದಲ ವರ್ಷ ಕತ್ತರಿಸಿ ಎರಡನೇ ವರ್ಷ ಮರೆತರೆ ಖರ್ಚಾದ ಹಣವೆಲ್ಲ ಲಂಟಾನಕ್ಕೇ ಗೊಬ್ಬರ.

ಬೇಸಿಗೆಯಲ್ಲಿ ಪ್ರಾಣಿಗಳಿಗೆ ನೀರು ಕೊಡುವುದು ಪುಣ್ಯದ ಕೆಲಸ ಎಂಬ ಮತ್ತೊಂದು ನಂಬಿಕೆಯಲ್ಲಿ ಕರುಣೆಯಿದೆ, ಆದ್ದರಿಂದಲೇ ಅದನ್ನು ಪ್ರಶ್ನಿಸುವುದು ಕಷ್ಟ. ಟ್ಯಾಂಕರ್‌ನಿಂದ ಕಟ್ಟೆ ತುಂಬಿಸುವ ಚಿತ್ರ ಪತ್ರಿಕೆಯಲ್ಲಿ ಬಂದರೆ ಯಾರಿಗೆ ತಾನೇ ಖುಷಿಯಾಗದು? ಆದರೆ ನೀರು ಎಲ್ಲಿರುತ್ತದೆ ಎಂಬುದೇ ಯಾವ ಪ್ರಾಣಿ ಎಲ್ಲಿ ಬದುಕಬಹುದೆಂದು ನಿರ್ಧರಿಸುತ್ತದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಇದೇ ಕರುಣೆಯಿಂದ ದಶಕಗಳ ಕಾಲ ಕೊಳವೆಬಾವಿ ಕೊರೆದು ನೀರಿನ ತಾಣಗಳನ್ನು ಮಾಡಿದರು. ಉತ್ತರದ ಒಣ ಬಯಲಿಗೆ ನೀರು ಸಿಕ್ಕಿದ ಮೇಲೆ ಜೀಬ್ರಾಗಳು ಬಂದವು, ಅವುಗಳ ಬೆನ್ನಿಗೆ ಸಿಂಹಗಳು ಬಂದವು. ಎತ್ತರದ ಹುಲ್ಲಿನ ನಡುವೆ ವಿರಳವಾಗಿ ಬದುಕುತ್ತಿದ್ದ ರೋನ್ ಎಂಬ ಹುಲ್ಲೆ, 1986ರಲ್ಲಿ 450ರಷ್ಟಿದ್ದದ್ದು 1993ರ ಹೊತ್ತಿಗೆ 45ರ ಆಸುಪಾಸಿಗೆ ಇಳಿಯಿತು. ಆಮೇಲೆ ಅಲ್ಲಿ ಅನೇಕ ಕೃತಕ ನೀರಿನ ತಾಣಗಳನ್ನು ಮುಚ್ಚಲಾಯಿತು. ನಮ್ಮ ಕಾಡುಗಳಲ್ಲಿ ಆನೆಗಳು ಬೇಸಿಗೆಯಲ್ಲಿ ನೀರು ಹುಡುಕಿ ದೂರ ಹೋಗುವುದರಿಂದಲೇ ಒಂದು ಕಡೆಯ ಮರಗಿಡಗಳಿಗೆ ಬಿಡುವು ಸಿಗುತ್ತದೆ. ಎಲ್ಲ ಕಡೆ ನೀರಿಟ್ಟರೆ ಆ ಬಿಡುವೂ ಹೋಗುತ್ತದೆ. ಕಟ್ಟೆಯೇ ಬೇಡವೆಂದು ಇದರರ್ಥವಲ್ಲ. ಹೊಳೆಗಳ ನೀರನ್ನು ಕಾಡಿನ ಹೊರಗೆ ನಾವೇ ತಿರುಗಿಸಿಕೊಂಡ ಕಡೆ, ಪ್ರಾಣಿಗಳ ಹಳೆಯ ದಾರಿಗೆ ತೋಟ ಅಡ್ಡ ಬಂದ ಕಡೆ ನೀರಿಡಬೇಕಾಗಬಹುದು. ಎಲ್ಲಿ, ಯಾಕೆ, ಎಷ್ಟು ಕಾಲ ಎಂಬುದು ಬರವಣಿಗೆಯಲ್ಲಿರಬೇಕು. ದಾನಿಗಳ ಉತ್ಸಾಹ ಅದನ್ನು ನಿರ್ಧರಿಸಬಾರದು.

ಗಿಡ ನೆಡುವ, ಬೀಜದುಂಡೆ ಎಸೆಯುವ ಉತ್ಸಾಹಕ್ಕೂ ಇದೇ ಮಾತು. ಬಂಡೀಪುರದಂಥ ಎಲೆಯುದುರುವ ಕಾಡಿನಲ್ಲಿ ಮರಗಳ ನಡುವಿನ ಬಯಲು ಖಾಲಿ ಬಿದ್ದ ಜಾಗವಲ್ಲ, ಜಿಂಕೆ, ಕಾಟಿಗಳ ಊಟದ ತಟ್ಟೆ. ಅಲ್ಲಿ ಮರ ತುಂಬಿದರೆ ಹುಲಿಯ ಆಹಾರಕ್ಕೇ ಕುತ್ತು. ಪಕ್ಕದ ವಯನಾಡಿನಲ್ಲಿ ಸಾಲುಮರವಾಗಿ ನೆಟ್ಟ ಹಳದಿ ಹೂವಿನ ಸೆನ್ನಾ ಇಂದು ಗಡಿ ದಾಟಿ ಬಂಡೀಪುರ, ನಾಗರಹೊಳೆಯೊಳಗೂ ಹಬ್ಬುತ್ತಿದೆ. ನೆಟ್ಟವರು ಹಸಿರನ್ನೇ ಬಯಸಿದ್ದರು.

ಇಷ್ಟು ಹೇಳಿದ ಮೇಲೆ ಒಂದು ಗಂಭೀರ ಆಕ್ಷೇಪಕ್ಕೆ ಉತ್ತರಿಸಬೇಕು. ಕಾಡಿನಲ್ಲಿ ಕೈಯಾಡಿಸಲು ಅವಕಾಶ ಕೊಟ್ಟರೆ ಗುತ್ತಿಗೆದಾರರು, ರೆಸಾರ್ಟಿನವರು, ರಸ್ತೆ ಕಟ್ಟುವವರು ಅದೇ ಬಾಗಿಲಲ್ಲಿ ನುಗ್ಗುವುದಿಲ್ಲವೇ? ಯೋಜನೆ ಮಾಡಿ ಕಾಡು ಕೆಡಿಸಿದ ಇತಿಹಾಸ ನಮ್ಮಲ್ಲಿಲ್ಲವೇ? ಇದೆ. ಹಿಂದಿನ ಕಾಲದ ಅರಣ್ಯ ಇಲಾಖೆಯ ವರ್ಕಿಂಗ್ ಪ್ಲಾನ್‌ಗಳು ಸಹಜ ಕಾಡು ಕಡಿದು ತೇಗ ನೆಟ್ಟವು. ನಾಗರಹೊಳೆಯಲ್ಲಿ ಆ ನೆಡುತೋಪುಗಳು ಇಂದಿಗೂ ನಿಂತಿವೆ. ಆದರೆ ಆ ಯೋಜನೆಗಳ ಗುರಿಯೇ ನಾಟಾ ಆಗಿತ್ತು, ಗುರಿಗೆ ತಕ್ಕ ಫಲ ಬಂತು. ಕಾಡಿನಲ್ಲಿ ನಾವು ಕೈಯಾಡಿಸದ ದಿನವೇ ಇಲ್ಲ. ರಸ್ತೆ, ಸಫಾರಿ, ಕಂದಕ, ಬೆಂಕಿರೇಖೆ, ಕಟ್ಟೆ ಎಲ್ಲವೂ ಕೈಯಾಟವೇ. ಬರೆದಿಟ್ಟ ಗುರಿಯಿದ್ದರೆ ‘ಇದು ಆ ಗುರಿಗೆ ಸೇರಿದ್ದೇ?’ ಎಂದು ಕೇಳಲು ಒಂದು ಆಧಾರವಾದರೂ ಇರುತ್ತದೆ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ ಜಾರಿಗೆ ಬಂದದ್ದು 2009ರಲ್ಲಿ, ಹೈಕೋರ್ಟ್ ಅದನ್ನು ಎತ್ತಿಹಿಡಿದದ್ದು 2010ರಲ್ಲಿ. ಅಂದಿನಿಂದ ಅದನ್ನು ತೆಗೆಸುವ ಒತ್ತಡ ನಿಂತಿಲ್ಲ. ಇಂಥ ಒತ್ತಡದ ಎದುರು ಅಧಿಕಾರಿಯೊಬ್ಬರ ಒಳ್ಳೆಯತನ ಬಹಳ ದಿನ ನಿಲ್ಲದು, ಏಕೆಂದರೆ ಆ ಅಧಿಕಾರಿ ಎರಡು ಮೂರು ವರ್ಷದಲ್ಲಿ ವರ್ಗವಾಗುತ್ತಾರೆ.

ಯೋಜನೆ ಅರಣ್ಯ ಇಲಾಖೆಯ ಮನೆವಾರ್ತೆ, ಊರಿನವರಿಗೆ ಅದರಲ್ಲೇನು ಕೆಲಸ ಎಂಬುದು ಕೊನೆಯ ತಪ್ಪು ತಿಳಿವಳಿಕೆ. ಇದು ಕಾನೂನಿನ ದೃಷ್ಟಿಯಿಂದಲೇ ತಪ್ಪು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ಬಂದ ತಿದ್ದುಪಡಿ ಪ್ರತಿ ಹುಲಿ ಸಂರಕ್ಷಿತ ಪ್ರದೇಶಕ್ಕೂ ರಾಜ್ಯ ಸರ್ಕಾರ ಹುಲಿ ಸಂರಕ್ಷಣಾ ಯೋಜನೆ ಸಿದ್ಧಪಡಿಸಬೇಕೆಂದು ಹೇಳುವಾಗಲೇ, ಒಳಗೂ ಅಂಚಿನಲ್ಲೂ ಬದುಕುವವರ ಬೇಸಾಯ, ಜೀವನೋಪಾಯಗಳನ್ನು ಅದು ಕಾಪಾಡಬೇಕೆಂದೂ ಹೇಳುತ್ತದೆ. ಬಫರ್ ವಲಯದ ಎಲ್ಲೆಯನ್ನು ಗ್ರಾಮಸಭೆಯೊಡನೆ ಸಮಾಲೋಚಿಸಿ ಗುರುತಿಸಬೇಕು. 2022ರ ತಿದ್ದುಪಡಿ, ಅರಣ್ಯ ಹಕ್ಕು ಕಾಯ್ದೆ ಅನ್ವಯವಾಗುವ ಅಭಯಾರಣ್ಯಗಳ ನಿರ್ವಹಣಾ ಯೋಜನೆಯನ್ನೂ ಗ್ರಾಮಸಭೆಯ ಸಮಾಲೋಚನೆಯ ನಂತರವೇ ಮಾಡಬೇಕೆಂದಿತು. ಬಿಳಿಗಿರಿಯಲ್ಲಿ 2011ರಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಸೋಲಿಗರ ಪೋಡುಗಳು, ಅಂದರೆ ಹಾಡಿಗಳು, ಒಳಗಿದ್ದೇ ಆ ಕಾಡಿನಲ್ಲಿ ಹುಲಿ ನೆಲೆನಿಂತಿದೆ. ಜನರನ್ನು ಕೇಳುವುದು ಉಪಕಾರವೆಂದು ತಿಳಿಯಬಾರದು. ಬದನಿಕೆ ಹೆಚ್ಚಿದ್ದನ್ನೂ ಹುಲ್ಲು ಕಡಿಮೆಯಾದದ್ದನ್ನೂ ಕಣ್ಣಾರೆ ಕಂಡವರು ಅವರು. ಅವರು ಹೇಳಿದ್ದೆಲ್ಲ ಸರಿಯಾಗಿರಬೇಕಿಲ್ಲ. ತರಗು ಬೆಂಕಿಯನ್ನು ಸಣ್ಣ ತಾಕುಗಳಲ್ಲಿ, ಲಂಟಾನ ತೆಗೆದ ಮೇಲೆ, ಅವರ ಉಸ್ತುವಾರಿಯಲ್ಲೇ ಪರೀಕ್ಷಿಸಿ ನೋಡಿದರೆ ಐದಾರು ವರ್ಷದಲ್ಲಿ ಸರಿ ತಪ್ಪು ಗೊತ್ತಾಗುತ್ತದೆ.

ಯೋಜನೆ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ನಿಜ. ಹಳೆಯ ಯೋಜನೆಯ ಅಧ್ಯಾಯಗಳನ್ನೇ ದಿನಾಂಕ ಬದಲಿಸಿ ಹೊಸದೆಂದು ಒಪ್ಪಿಸಿದರೆ ಅದು ಕಾಗದದ ಕಂತೆಯೇ. ಒಳ್ಳೆಯ ಯೋಜನೆಯನ್ನು ಗುರುತಿಸುವುದು ಕಷ್ಟವಲ್ಲ: ಯಾವ ಜಾಗ ಹೇಗಿರಬೇಕೆಂದು ಅದು ಹೇಳುತ್ತದೆ, ಹಾಗಾಯಿತೋ ಇಲ್ಲವೋ ಎಂದು ಅಳೆಯುವ ಕ್ರಮ ಹೇಳುತ್ತದೆ, ಆಗದಿದ್ದರೆ ಯಾವಾಗ ದಾರಿ ಬದಲಿಸಬೇಕೆಂದೂ ಹೇಳುತ್ತದೆ. ಹುಲಿಗಳ ಸಂಖ್ಯೆಯೊಂದನ್ನೇ ಅಳತೆಗೋಲು ಮಾಡಿದ ಯೋಜನೆಯನ್ನು ನಂಬಬೇಡಿ. ಹುಲಿ ಹೆಚ್ಚಿದರೂ ಕೆಳಗೆ ಸಸಿಗಳಿಲ್ಲದ ಕಾಡು ಇರಬಹುದೆಂಬುದನ್ನು ಮೇಲೆ ನೋಡಿದೆವು. ನಿಮ್ಮ ಊರು ಯಾವುದಾದರೂ ಅಭಯಾರಣ್ಯದ ಅಂಚಿನಲ್ಲಿದ್ದರೆ, ಅದರ ಯೋಜನೆಯ ಅವಧಿ ಯಾವ ವರ್ಷ ಮುಗಿಯುತ್ತದೆ, ಮುಂದಿನದರ ಕರಡು ಗ್ರಾಮಸಭೆಗೆ ಬಂದಿದೆಯೇ ಎಂದು ಉಪ ಅರಣ್ಯ ಸಂರಕ್ಷಣಾಧಿಕಾರಿಯ ಕಚೇರಿಗೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. ಅದಕ್ಕೆ ತಗಲುವ ಶುಲ್ಕ ಹತ್ತು ರೂಪಾಯಿ.