ಕಾಲುವೆಗೂ ಸರದಿ, ಫೈಬರ್‌ಗೂ ಸರದಿ
ನಾರಾಯಣಪುರ ಎಡದಂಡೆ ಕಾಲುವೆಯನ್ನು ನಂಬಿದ ಸುರಪುರ, ಶಹಾಪುರದ ರೈತರಿಗೆ ‘ವಾರಾಬಂದಿ’ ಹೊಸದಲ್ಲ. ನೀರು ಸೀಮಿತ, ಆದ್ದರಿಂದ ಸರದಿ ಅನಿವಾರ್ಯ.

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯಲು 2011ರಲ್ಲಿ ಮಂಜೂರಾಗಿ, ಮುಂದೆ ಭಾರತ್‌ನೆಟ್ ಎನಿಸಿದ ಯೋಜನೆಯಲ್ಲೂ ಇದೇ ತತ್ತ್ವವಿದೆ. ಮೊದಲ ಹಂತದ ತಂತ್ರಜ್ಞಾನದಲ್ಲಿ ಒಂದೇ ಎಳೆಯನ್ನು ಹಲವು ಪಂಚಾಯಿತಿಗಳು ಹಂಚಿಕೊಳ್ಳುತ್ತವೆ. ಅವು ಕಳುಹಿಸುವ ದತ್ತಾಂಶ ಪರಸ್ಪರ ಡಿಕ್ಕಿಯಾಗದಂತೆ ಕೇಂದ್ರದ ಉಪಕರಣವು 125 ಮೈಕ್ರೊಸೆಕೆಂಡಿನ ಪ್ರತಿ ಆವರ್ತದಲ್ಲೂ ಸರದಿ ಗೊತ್ತುಪಡಿಸುತ್ತದೆ.

ಆದರೆ ವ್ಯತ್ಯಾಸವೊಂದುಂಟು. ಕಾಲುವೆಯ ಕೊನೆಭಾಗಕ್ಕೆ ನೀರು ತಲುಪದಿರಬಹುದು. ಇಲ್ಲಿ ಉಪಕರಣವೇ ದೂರವನ್ನು ಅಳೆದು ಸಮಯವನ್ನು ಸರಿದೂಗಿಸುತ್ತದೆ. ಕನಿಷ್ಠ ಪಾಲನ್ನು ಖಾತರಿಪಡಿಸಿ, ಮಿಕ್ಕಿದ್ದನ್ನು ಬೇಡಿಕೆಯಂತೆ ಹಂಚಲೂ ಸಾಧ್ಯ. ಹೀಗಾಗಿ ಅನ್ಯಾಯವಾದರೆ ಅದು ದೂರದ ದೋಷವಲ್ಲ, ನಿಯಮದ ದೋಷವೆಂದೇ ನನ್ನ ಭಾವನೆ.

ಪಡಿತರ, ಪಿಂಚಣಿ, ಪಹಣಿಗಳಿಗೆ ಮೊದಲ ಸರದಿ ಸಲ್ಲಬೇಕು. ಕಾಲುವೆಯ ವೇಳಾಪಟ್ಟಿಯಂತೆ ಈ ನಿಯಮವೂ ಪಂಚಾಯಿತಿಯ ಫಲಕದ ಮೇಲೆ ಪ್ರಕಟವಾಗಲಿ.