ಬಚ್ಚಲ ನೀರಿನ ಪುದೀನ: ತಿಪ್ಪೆಗೆ ಬೇಡ, ನೆರಳಿಗೆ ಹಾಕಿ

ನಮ್ಮದು ಶಿರಾ ತಾಲ್ಲೂಕಿನ ಬರಗೂರು. ಕಡ್ಲೇಕಾಯಿ, ರಾಗಿ, ತೊಗರಿ, ಹುರುಳಿ, ಎಲ್ಲ ಮಳೆ ನಂಬಿದ ಬೇಸಾಯ. ಇಂಥ ಕಡೆ ಪುದೀನ ಹೆಚ್ಚಾಗಿ ಏನು ಮಾಡೋದು ಗೊತ್ತಾಗಲಿಲ್ಲ ಅಂದ್ರೆ ನಗಬೇಡಿ. ಐದು ವರ್ಷದ ಹಿಂದೆ ಸಂತೆಯಿಂದ ತಂದ ಒಂದು ಕಟ್ಟಿನ ಎಲೆ ಬಿಡಿಸಿಕೊಂಡು, ಉಳಿದ ಕಡ್ಡಿಯನ್ನು ಬಚ್ಚಲ ಹಿಂದೆ ನುಗ್ಗೆಮರದ ನೆರಳಲ್ಲಿ ಚುಚ್ಚಿದ್ದೆ. ಬೇರು ಹರಿದು ಹರಿದು ಈಗ ಎರಡು ಮಂಚದಷ್ಟು ಜಾಗ ತುಂಬಿದೆ. ಬೇರೆ ನೀರು ಕೊಟ್ಟಿಲ್ಲ. ಅಕ್ಕಿ, ತರಕಾರಿ ತೊಳೆದ ನೀರೇ ಸಾಕು. ಸೋಪಿನ ಪುಡಿ ನೀರು ಬಿಟ್ಟಾಗ ಎಲೆ ಅಂಚು ಸುಟ್ಟಿತು. ಆಮೇಲೆ ಅದನ್ನು ಬೇರೆ ಕಡೆ ತಿರುಗಿಸಿದೆ.

ತೊಂದರೆ ಏನಂದ್ರೆ, ಇದು ಬಂದರೆ ಒಟ್ಟಿಗೇ ಬರುತ್ತೆ. ಮಳೆಗಾಲದಲ್ಲಿ ಕೊಯ್ದಷ್ಟೂ ಚಿಗುರುತ್ತೆ. ಒಮ್ಮೆ ನಲವತ್ತು ಕಟ್ಟು ಮಾಡಿಕೊಂಡು ಮಾರುಕಟ್ಟೆಗೆ ಹೋದೆ. ಅವತ್ತು ಎಲ್ಲರ ಸೊಪ್ಪೂ ಬಂದಿತ್ತು. ಸಿಕ್ಕಿದ ದುಡ್ಡು ಬಸ್ ಚಾರ್ಜಿಗೂ ಸಾಲಲಿಲ್ಲ. ವಾಪಸ್ ತಂದದ್ದನ್ನು ಕುರಿಗಳ ಮುಂದೆ ಹಾಕಿದರೆ ಮೂಸಿ ನೋಡಿ ತಿರುಗಿಕೊಂಡವು. ಕೊನೆಗೆ ತಿಪ್ಪೆಗೆ ಹೋಯಿತು. ಮೂರು ತಿಂಗಳ ಮೇಲೆ ಬೇಸಿಗೆ ಬಂತು. ನಮ್ಮನೆಯಾಕೆ ಅದೇ ಪುದೀನವನ್ನು ಅಂಗಡಿಯಿಂದ ದುಡ್ಡು ಕೊಟ್ಟು ತಂದಳು. ಅವತ್ತು ನನಗೆ ನಾಚಿಕೆ ಆಯಿತು.

ಒಣಗಿಸಲು ಹೋಗಿ ಕೆಟ್ಟದ್ದು

ಪಕ್ಕದ ಪಾವಗಡದ ತಿರುಮಣಿ ಕಡೆ 2018ರಿಂದ ಬಿಸಿಲಲ್ಲೇ ಕರೆಂಟು ತೆಗೀತಿದ್ದಾರೆ. ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬರ ಇಲ್ಲ. ನಾನೂ ಸೊಪ್ಪನ್ನು ಮಾಳಿಗೆ ಮೇಲೆ ಬಿಸಿಲಿಗೆ ಹರಡಿದೆ. ಸಂಜೆಗೆ ಕಪ್ಪಗೆ ಟೀ ಪುಡಿ ಥರ ಆಯಿತು, ವಾಸನೆಯೇ ಇಲ್ಲ. ನಮ್ಮವ್ವ ನೋಡಿ, "ಅಲ್ಲ ಕಣೋ, ಕಡ್ಲೇಕಾಯಿ ಒಣಗಿಸ್ದಂಗೆ ಇದನ್ನ ಒಣಗಿಸ್ತಾರಾ? ಘಮ ಎಲ್ಲಿ ಉಳಿಯುತ್ತೆ?" ಅಂದಳು. ಪುದೀನದ ಘಮ ಎಲೆ ಮೇಲಿನ ಸಣ್ಣ ಸಣ್ಣ ಎಣ್ಣೆ ಗ್ರಂಥಿಗಳಲ್ಲಿರುತ್ತೆ. ಬಿಸಿಗೆ ಅದು ಆವಿಯಾಗಿ ಹೋಗುತ್ತೆ. ಎರಡನೇ ಸಲ ನೆರಳಲ್ಲೇ ಒಣಗಿಸಿದೆ. ಆದರೆ ಅರೆಬರೆ ಒಣಗಿದ್ದನ್ನು ಡಬ್ಬಿಗೆ ತುಂಬಿದ್ದರಿಂದ ಬೂಸ್ಟು ಬಂತು.

ಈಗ ಮಾಡುವ ಕ್ರಮ

ಹೂ ಬರುವ ಮುಂಚೆ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಬೇಕು. ನೆಲದಿಂದ ಎರಡು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತೆ. ಎಲೆ ತಳದಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ತುಕ್ಕು ರೋಗ. ಅಂಥದ್ದನ್ನು ಬುಡಮಟ್ಟ ಕೊಯ್ದು ಬಿಸಾಕಿ, ಅಡುಗೆಗೆ ಬೇಡ. ಒಳ್ಳೆಯದನ್ನು ಎರಡು ಮೂರು ನೀರಲ್ಲಿ ತೊಳೆದು, ನೀರು ಸೋರಿಸಿ, ಎಲೆ ಬಿಡಿಸಿ, ಹಳೇ ಪಂಚೆ ಮೇಲೆ ತೆಳ್ಳಗೆ ಹರಡುತ್ತೇವೆ. ಗಾಳಿ ಆಡುವ ಕೋಣೆ, ಬಿಸಿಲು ಬೀಳಬಾರದು. ದಿನಕ್ಕೆರಡು ಸಲ ಕೈಯಾಡಿಸಿದರೆ ಮೂರು ನಾಲ್ಕು ದಿನಕ್ಕೆ ಒಣಗುತ್ತೆ. ಮೋಡದ ದಿನ ಫ್ಯಾನು ಹಾಕಿ. ಹಿಸುಕಿದರೆ ಚರಚರ ಎಂದು ಪುಡಿಯಾಗಬೇಕು, ಬಗ್ಗಿದರೆ ಇನ್ನೂ ಒಂದು ದಿನ ಬಿಡಿ. ನಾನು ತೂಗಿ ನೋಡಿದ್ದೇನೆ, ಒಂದು ಕೆ.ಜಿ. ಎಲೆಗೆ 150 ಗ್ರಾಂ ಹತ್ತಿರ ಉಳಿಯುತ್ತೆ. ಡಬ್ಬಿಗೆ ಇಡೀ ಎಲೆಯನ್ನೇ ತುಂಬಿ. ಬೇಕಾದಾಗ ಪುಡಿ ಮಾಡಿಕೊಂಡರೆ ಘಮ ಹೆಚ್ಚು ದಿನ ಇರುತ್ತೆ.

ನಮ್ಮನೆ ಬಳಕೆ

ಮುದ್ದೆಗೆ ಚಟ್ನಿ: ಎರಡು ಹಿಡಿ ಪುದೀನ, ಒಂದು ಹಿಡಿ ಹುರಿದ ಕಡ್ಲೇಕಾಯಿ ಬೀಜ, ಆರು ಹಸಿಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ, ಸ್ವಲ್ಪ ಹುಣಸೆಹಣ್ಣು, ಉಪ್ಪು. ಮೆಣಸಿನಕಾಯಿ ಹುರಿದಾದ ಮೇಲೆ ಒಲೆ ಆರಿಸಿ ಅದೇ ಬಿಸಿಗೆ ಸೊಪ್ಪು ಹಾಕಿ ಬಾಡಿಸಬೇಕು. ಹೆಚ್ಚು ಹುರಿದರೆ ಕಹಿ. ಒಳಕಲ್ಲಲ್ಲಿ ರುಬ್ಬಿದ್ದೇ ಚೆಂದ.

ಚಟ್ನಿಪುಡಿ: ಒಣಗಿದ ಎಲೆ ಎರಡು ಹಿಡಿ. ಕಡಲೆಬೇಳೆ, ಉದ್ದಿನಬೇಳೆ ಒಂದೊಂದು ಹಿಡಿ, ಒಣಮೆಣಸಿನಕಾಯಿ ಎಂಟು, ಇವನ್ನು ಬೇರೆ ಬೇರೆ ಹುರಿದು ಆರಿಸಿ. ಒಣಗಿದ ಹುಣಸೆ, ಉಪ್ಪು ಸೇರಿಸಿ ಪುಡಿ ಮಾಡಿ, ಎಲೆಯನ್ನು ಕೊನೆಗೆ ಹಾಕಿ. ತೇವ ತಾಗದಿದ್ದರೆ ಎರಡು ತಿಂಗಳು ನಿಲ್ಲುತ್ತೆ.

ಇನ್ನುಳಿದಂತೆ ಬಾಡಿನ ಸಾರಿನ ಮಸಾಲೆಗೆ, ಹುರುಳಿಕಾಳಿನ ಸಾರಿಗೆ ಒಂದು ಹಿಡಿ ಹೋಗುತ್ತೆ. ಹೊಲಕ್ಕೆ ಒಯ್ಯುವ ಮಜ್ಜಿಗೆಗೆ ನಾಲ್ಕು ಎಲೆ, ಜೀರಿಗೆ ಜಜ್ಜಿ ಹಾಕುತ್ತೇವೆ. ಟೀಗೆ ಹಾಕುವುದಾದರೆ ಒಲೆಯಿಂದ ಇಳಿಸಿದ ಮೇಲೆ ಹಾಕಿ ಮುಚ್ಚಿಡಿ. ಬೆಂಗಳೂರಿನಲ್ಲಿರುವ ಮಗಳು ಉಪ್ಪು ಹಾಕದೆ ರುಬ್ಬಿ ಐಸ್ ತಟ್ಟೆಯಲ್ಲಿ ಗಟ್ಟಿ ಮಾಡಿಟ್ಟು, ಪಲಾವಿಗೆ ಎರಡೆರಡು ಗಡ್ಡೆ ಹಾಕ್ತಾಳೆ. ಎರಡು ಮೂರು ದಿನಕ್ಕೆ ಬೇಕಾದ್ದನ್ನು ಬುಡ ನೀರಲ್ಲಿರುವಂತೆ ಲೋಟದಲ್ಲಿ ನಿಲ್ಲಿಸಿದರೂ ಸಾಕು.

ಒಂದು ಎಚ್ಚರಿಕೆ

ಇಷ್ಟು ಓದಿ ಯಾರೂ ಎಕರೆಗಟ್ಟಲೆ ಪುದೀನ ಹಾಕಲು ಹೋಗಬೇಡಿ. ಉತ್ತರಪ್ರದೇಶದ ಬಾರಾಬಂಕಿ ಕಡೆ ದೊಡ್ಡದಾಗಿ ಬೆಳೀತಾರೆ, ನಿಜ. ಅದು ಮೆಂಥಾಲ್ ಎಣ್ಣೆ ತೆಗೆಯುವ ಬೇರೆ ಜಾತಿ. ಅಲ್ಲಿ ಬೇಸಿಗೆಯಲ್ಲೂ ಮತ್ತೆ ಮತ್ತೆ ನೀರು ಹಾಯಿಸ್ತಾರೆ. ನಮ್ಮ ಚಟ್ನಿ ಪುದೀನದಲ್ಲಿ ಆ ಎಣ್ಣೆ ಬರೋದಿಲ್ಲ. ಸಾವಿರ ಅಡಿ ಕೊರೆದರೂ ನೀರು ಗ್ಯಾರಂಟಿ ಇಲ್ಲದ ನಮ್ಮಂಥವರಿಗೆ ಇದು ಬಚ್ಚಲ ಹಿಂದಿನ ಬೆಳೆ ಮಾತ್ರ. ಮಾರಿ ದುಡ್ಡು ಮಾಡದಿದ್ದರೂ ಕೊಳ್ಳುವ ದುಡ್ಡು ಉಳಿಯುತ್ತೆ.

ಹೋದ ವರ್ಷ ನಮ್ಮನೆಯಿಂದ ಒಂದು ಕಟ್ಟೂ ತಿಪ್ಪೆಗೆ ಹೋಗಲಿಲ್ಲ, ಅಂಗಡಿಯಿಂದ ಒಂದು ಕಟ್ಟೂ ಬರಲಿಲ್ಲ. ಕಡ್ಡಿ ಕೇಳಿದ ಅಕ್ಕಪಕ್ಕದ ಏಳು ಮನೆಗೆ ಕೊಟ್ಟಿದ್ದೇವೆ. ನಿಮ್ಮ ಕಡೆ ಹೆಚ್ಚಾದ ಪುದೀನದಿಂದ ಇನ್ನೇನು ಮಾಡ್ತೀರಿ, ಪತ್ರಿಕೆಗೆ ಬರೀರಿ.